ಒಲಿಂಪಸ್ ಟಿಜಿ-6: ಹವಳದ ದಿಬ್ಬಗಳಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಕಡಲೊಳಗಿನ ಸಣ್ಣ ಜೀವಿಗಳ ಚಿತ್ರ ಬೇಕೆನ್ನುವವರು ಈ ಕ್ಯಾಮೆರಾವನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಶಾರ್ಕ್, ಬರಾಕುಡಾಗಳ ಹಿಂಡೇ ಬೇಕೆನ್ನುವವರು ಬೇರೆಯದನ್ನು ನೋಡುವುದು ಒಳ್ಳೆಯದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲೂ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲೂ ಹಲವು ಋತುಗಳಲ್ಲಿ ಇದನ್ನು ನೀರಿಗಿಳಿಸಿದ ಮೇಲೆ ನಾನು ಹೇಳುತ್ತಿರುವ ಮಾತಿದು.

2019ರಲ್ಲಿ ಬಂದ ಟಿಜಿ-6, ಹೌಸಿಂಗ್ (ಕ್ಯಾಮೆರಾ ಹಾಕಿಡುವ ನೀರು ನುಗ್ಗದ ಪೆಟ್ಟಿಗೆ) ಇಲ್ಲದೆಯೇ 15 ಮೀಟರ್ ಆಳವನ್ನು ತಡೆದುಕೊಳ್ಳುತ್ತದೆ. ಆದರೆ ಓಪನ್ ವಾಟರ್ ಎಂಬ ಸ್ಕೂಬಾದ ಮೊದಲ ಹಂತದ ತರಬೇತಿ ಮುಗಿಸಿದವರು 18 ಮೀಟರ್‌ವರೆಗೆ ಇಳಿಯುತ್ತಾರೆ. ಹಾಗಾಗಿ ಹೌಸಿಂಗ್ ಬೇಕೇ ಬೇಕು. ಇದಕ್ಕೆಂದೇ ಮಾಡಿದ ಪಿಟಿ-059 ಹೌಸಿಂಗ್ 45 ಮೀಟರ್‌ವರೆಗೆ ತಾಳುತ್ತದೆ. ಪ್ರತಿ ಸಲ ಮುಚ್ಚುವ ಮುನ್ನ ಅಂಚಿನ ರಬ್ಬರ್ ಉಂಗುರದ (ಓ-ರಿಂಗ್) ಮೇಲೆ ಬೆರಳಾಡಿಸಿ ನೋಡಿ. ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಉಪ್ಪುನೀರು ಒಳಗೆ ನುಗ್ಗೀತು.

ಇದರ ಜೀವಾಳವೆಂದರೆ ಮೈಕ್ರೋಸ್ಕೋಪ್ ಮೋಡ್. ಮಸೂರದಿಂದ ಒಂದೇ ಸೆಂಟಿಮೀಟರ್ ದೂರದಲ್ಲಿರುವುದಕ್ಕೂ ಫೋಕಸ್ ಕೂರುತ್ತದೆ. ಬಂಡೆಯ ಚಾಚಿನ ಕೆಳಗೆ, ಸ್ಪಂಜುಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದರೆ ನ್ಯೂಡಿಬ್ರ್ಯಾಂಕ್‌ಗಳು, ಅಂದರೆ ಚಿಪ್ಪಿಲ್ಲದ ಬಣ್ಣಬಣ್ಣದ ಕಡಲ ಹುಳುಗಳಂಥ ಮೃದ್ವಂಗಿಗಳು, ಸಿಗುತ್ತವೆ. ಎಷ್ಟೋ ಜಾತಿಗಳಿಗೆ ಸ್ಪಂಜೇ ಆಹಾರ. ಉಗುರಿನಷ್ಟು ಉದ್ದದ ಜೀವಿಯ ಬೆನ್ನ ಮೇಲಿನ ಕಿವಿರಿನ ಕುಚ್ಚು, ತಲೆಯ ಮೇಲಿನ ಜೋಡಿ ಕೊಂಬುಗಳ ಒಂದೊಂದು ಮಡಿಕೆಯೂ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದಾಗ ಆಗುವ ಸಂತೋಷವೇ ಬೇರೆ. ಬರಿಗಣ್ಣಿಗೆ ಅದು ಬಣ್ಣದ ಚುಕ್ಕೆಯಷ್ಟೇ.

ನನಗೆ ಅತ್ಯಂತ ಪ್ರಿಯವಾದದ್ದು ಗೋಬಿ ಮೀನು ಮತ್ತು ಸೀಗಡಿಯ ಜೋಡಿ. ಸೀಗಡಿ ಬಿಲದಿಂದ ಮರಳನ್ನು ದೂಡುತ್ತಾ ಬರುತ್ತದೆ, ಮೀನು ಬಾಗಿಲಲ್ಲಿ ಕಾವಲು ನಿಂತಿರುತ್ತದೆ. ಸೀಗಡಿಯ ದೃಷ್ಟಿ ತೀರಾ ಮಂದ, ಹಾಗಾಗಿ ಹೊರಗೆ ಬಂದಾಗಲೆಲ್ಲ ಒಂದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಮೀನು ಬಾಲ ಅದುರಿಸಿತೆಂದರೆ ಸೀಗಡಿ ಥಟ್ಟನೆ ಮಾಯ. ಇಲ್ಲಿ ಸೆಂಟಿಮೀಟರ್ ಲೆಕ್ಕ ನಡೆಯುವುದಿಲ್ಲ. ದೂರದಲ್ಲೇ ನಿಂತು, ಜೂಮ್ ಎಳೆದು, ಉಸಿರನ್ನು ನಿಧಾನಿಸಿ ಕಾಯಬೇಕು. ಉಸಿರು ಬಿಗಿಹಿಡಿಯುವುದು ಮಾತ್ರ ಬೇಡ, ಸ್ಕೂಬಾದಲ್ಲಿ ಅದು ಪ್ರಾಣಕ್ಕೇ ಅಪಾಯ.

ಬಣ್ಣದ ವಿಷಯ. ಆಳಕ್ಕೆ ಇಳಿದಂತೆ ಮೊದಲು ಕೆಂಪು ಅಳಿಸಿಹೋಗುತ್ತದೆ. ಬಣ್ಣ ಸರಿತೂಗಿಸುವ ನೀರಿನೊಳಗಿನ ವೈಟ್ ಬ್ಯಾಲೆನ್ಸ್ ಸ್ವಲ್ಪ ಸರಿಪಡಿಸುತ್ತದೆ, ರಾ ಕಡತವಿದ್ದರೆ (ಕ್ಯಾಮೆರಾ ತಿದ್ದದೆ ಉಳಿಸಿದ ಚಿತ್ರ) ಇನ್ನಷ್ಟು ಕೆಲಸ ಮಾಡಬಹುದು. ಆದರೂ ಬೆಳಕಿಗೆ ಬದಲಿಯಿಲ್ಲ. ಫ್ಲ್ಯಾಷ್ ಮಸೂರದ ಪಕ್ಕದಲ್ಲೇ ಇರುವುದರಿಂದ ನೀರಿನಲ್ಲಿ ತೇಲುವ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಬಿಳಿಚುಕ್ಕೆ. ನೇತ್ರಾಣಿಯ ನೀರು ಮಸುಕಾದ ದಿನಗಳಲ್ಲಂತೂ ಪಕ್ಕದಿಂದ ಬೆಳಕು ಬೀಳಿಸುವ ಟಾರ್ಚ್ ಇಲ್ಲದೆ ಆಗುವುದಿಲ್ಲ.

ಸೆನ್ಸರ್ ಚಿಕ್ಕದು, 12 ಮೆಗಾಪಿಕ್ಸೆಲ್. ಶಟರ್ ವೇಗವನ್ನು ನಾವೇ ನಿಗದಿಪಡಿಸುವ ಅವಕಾಶವಿಲ್ಲ. ಮಂದ ಬೆಳಕಿನಲ್ಲಿ ಸರ್ರನೆ ಸಾಗುವ ಮೀನುಗಳಿಗೆ ಇದು ತಕ್ಕದ್ದಲ್ಲ.

ನೀರಿನಲ್ಲಿ ತೇಲಿ ನಿಲ್ಲುವುದು ಕೈವಶವಾಗುವವರೆಗೆ ಕ್ಯಾಮೆರಾವನ್ನು ದಡದಲ್ಲೇ ಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಂದು ಚಿತ್ರಕ್ಕಾಗಿ ಹವಳಕ್ಕೆ ಆತುಕೊಳ್ಳುವವರನ್ನು ಕಂಡಾಗ ಸಂಕಟವಾಗುತ್ತದೆ. ಕವಲೊಡೆದ ಹವಳ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ, ಗುಂಡುಹವಳ ಮಿಲಿಮೀಟರ್‌ಗಳ ಲೆಕ್ಕದಲ್ಲಿ.

ಈಗ ಕೊಳ್ಳುವವರಿಗೆ 2023ರಲ್ಲಿ ಬಂದ ಟಿಜಿ-7 ಇದೆ. ಯುಎಸ್‌ಬಿ-ಸಿ ಚಾರ್ಜಿಂಗ್ ಬಂದಿರುವುದು ಅನುಕೂಲ, ಹಳೆಯ ಹೌಸಿಂಗ್‌ನಲ್ಲೇ ಅದೂ ಕೂರುತ್ತದೆ. ಟಿಜಿ-6 ಸುಸ್ಥಿತಿಯಲ್ಲಿದ್ದರೆ ಬದಲಿಸಬೇಡಿ, ಆ ಹಣಕ್ಕೆ ಒಳ್ಳೆಯ ಟಾರ್ಚ್ ಕೊಳ್ಳಿ.