ಬೆಂಜೀನ್ ಪಾಠದಿಂದ ಅಳೆದ ಒಂದು ಟ್ಯೂಷನ್

ಕಲಬುರಗಿಯ ಸೂಪರ್ ಮಾರ್ಕೆಟ್ ಸಮೀಪ ಪಿಯುಸಿ ವಿದ್ಯಾರ್ಥಿಗಳಿಗಾಗಿ ನಡೆಯುವ ಈ ರಸಾಯನಶಾಸ್ತ್ರ ಟ್ಯೂಷನ್ನಿನ ಗುಣಮಟ್ಟ ತಿಳಿಯಲು ನಾನು ಆರಿಸಿಕೊಂಡದ್ದು ಆರು ಕಾರ್ಬನ್‌ಗಳ ಉಂಗುರವಾದ ಬೆಂಜೀನಿನ ಎಲೆಕ್ಟ್ರೋಫಿಲಿಕ್ ಆದೇಶನ ಕ್ರಿಯೆಗಳ (ಎಲೆಕ್ಟ್ರಾನುಗಳನ್ನು ಬಯಸುವ ಕಣ, ಅಂದರೆ ಎಲೆಕ್ಟ್ರೋಫೈಲ್, ಉಂಗುರದ ಒಂದು ಹೈಡ್ರೋಜನ್ನಿನ ಜಾಗಕ್ಕೆ ಬರುವ ಕ್ರಿಯೆಗಳ) ಪಾಠವನ್ನು. ಬಾಯಿಪಾಠ ಮಾಡಿಸುವವರು ಯಾರು, ತಿಳಿಸಿ ಹೇಳುವವರು ಯಾರು ಎಂಬುದು ಈ ಅಧ್ಯಾಯದಲ್ಲಿ ಬೇಗ ಗೊತ್ತಾಗುತ್ತದೆ. ಮಗಳ ಜೊತೆ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಸರ್ ಸಂತೋಷದಿಂದಲೇ ಒಪ್ಪಿದರು.

ಅವರು ಕ್ರಿಯೆಗಳ ಪಟ್ಟಿಯಿಂದ ಆರಂಭಿಸುವುದಿಲ್ಲ. ಬೆಂಜೀನಿನಲ್ಲಿ ಕಾರ್ಬನ್ ಕಾರ್ಬನ್ ನಡುವಿನ ಆರೂ ಬಂಧಗಳು 139 ಪೈಕೋಮೀಟರ್ ಉದ್ದವಿದ್ದು, ಏಕಬಂಧದ 154ಕ್ಕೂ ದ್ವಿಬಂಧದ 134ಕ್ಕೂ ನಡುವೆ ಬರುತ್ತವೆ ಎಂದು ಮೊದಲು ಬರೆದು, ಉಂಗುರದ ತುಂಬ ಹರಡಿದ ಆರು ಪೈ ಎಲೆಕ್ಟ್ರಾನುಗಳ ಸ್ಥಿರತೆ ಉಳಿಯಬೇಕಾದ್ದರಿಂದಲೇ ಇಲ್ಲಿ ಸಂಕಲನಕ್ಕಿಂತ (ಏನನ್ನೂ ಬಿಡದೆ ಹೊಸ ಗುಂಪನ್ನು ಸೇರಿಸಿಕೊಳ್ಳುವುದಕ್ಕಿಂತ) ಆದೇಶನ ಸುಲಭ ಎಂಬಲ್ಲಿಗೆ ಮಕ್ಕಳನ್ನು ಕರೆತರುತ್ತಾರೆ. ಉಂಗುರಕ್ಕೆ ನೈಟ್ರೋ ಗುಂಪನ್ನು ಸೇರಿಸುವ ನೈಟ್ರೇಷನ್ನಿಗೆ ಅವರು ಕೊಟ್ಟ ಸಮಯ ಸಾರ್ಥಕವಾಯಿತು. ಸಾಂದ್ರ ಸಲ್ಫ್ಯೂರಿಕ್ ಆಮ್ಲದಿಂದ ನೈಟ್ರಿಕ್ ಆಮ್ಲವು ಪ್ರೋಟಾನನ್ನು ಪಡೆಯುವುದು, ನೀರು ಕಳಚಿ ನೈಟ್ರೋನಿಯಂ ಅಯಾನು ಹುಟ್ಟುವುದು, ಅದು ಉಂಗುರವನ್ನು ಸೇರಿದಾಗ ಒಂದು ಕಾರ್ಬನ್ ತಾತ್ಕಾಲಿಕವಾಗಿ ಎಸ್‌ಪಿ3 (ನಾಲ್ಕೂ ಏಕಬಂಧಗಳುಳ್ಳದ್ದು) ಆಗುವುದು, ಪ್ರೋಟಾನು ಹೊರಟ ಮೇಲೆ ಆರೊಮ್ಯಾಟಿಕ್ ಗುಣ (ಉಂಗುರದ ಆ ಸ್ಥಿರತೆ) ಮರಳುವುದು, ಇವೆಲ್ಲ ಒಂದರಿಂದೊಂದು ಹುಟ್ಟಿಬಂದವು. ನೈಟ್ರಿಕ್ ಆಮ್ಲವೇ ಇಲ್ಲಿ ಪ್ರತ್ಯಾಮ್ಲದಂತೆ ವರ್ತಿಸುತ್ತದೆ ಎಂದಾಗ ಇಡೀ ತರಗತಿ ತಲೆಯೆತ್ತಿತು. ಉಂಗುರಕ್ಕೆ ಕಾರ್ಬನ್ ಗುಂಪನ್ನು ಜೋಡಿಸುವ, 1877ರಷ್ಟು ಹಳೆಯದಾದ ಫ್ರೀಡೆಲ್-ಕ್ರಾಫ್ಟ್ಸ್ ಕ್ರಿಯೆಯಲ್ಲಿಯೂ ವೇಗವರ್ಧಕವಾದ ಅಲ್ಯೂಮಿನಿಯಂ ಕ್ಲೋರೈಡ್ ನಿರ್ಜಲವಾಗಿರಬೇಕೇಕೆ, ನೈಟ್ರೋಬೆಂಜೀನಿನ ಮೇಲೆ ಅದು ನಡೆಯದೇಕೆ ಎಂಬ ಪ್ರಶ್ನೆಗಳನ್ನು ಅವರೇ ಎತ್ತಿದರು. ವಿವರಣೆಯೆಲ್ಲ ಕನ್ನಡದಲ್ಲಿದ್ದುದರಿಂದ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳೂ ಧೈರ್ಯವಾಗಿ ಮರುಪ್ರಶ್ನೆ ಕೇಳುತ್ತಿದ್ದರು.

ಕೊರತೆಗಳೂ ಇವೆ. ಕ್ಲೋರಿನ್ ತನ್ನ ಪ್ರೇರಕ ಪರಿಣಾಮದಿಂದ (ಬಂಧದ ಮೂಲಕ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆಯುವುದರಿಂದ) ಉಂಗುರದ ಚಟುವಟಿಕೆಯನ್ನು ತಗ್ಗಿಸಿದರೂ, ತನ್ನ ಒಂಟಿ ಜೋಡಿ ಎಲೆಕ್ಟ್ರಾನುಗಳ ಅನುರಣನದಿಂದ (ಅವು ಉಂಗುರದೊಳಕ್ಕೆ ಹರಡುವುದರಿಂದ) ಹೊಸ ಗುಂಪನ್ನು ಆರ್ಥೋ, ಪ್ಯಾರಾ (ತನ್ನ ಪಕ್ಕದ, ನೇರ ಎದುರಿನ) ಸ್ಥಾನಗಳಿಗೆ ಕಳಿಸುತ್ತದೆ ಎಂಬ ಸೂಕ್ಷ್ಮ ವಿಷಯವನ್ನು ಬೆಲ್ ಹೊಡೆಯುವ ಹೊತ್ತಿಗೆ ಎರಡೇ ಮಾತಿನಲ್ಲಿ ಮುಗಿಸಿದರು. ಝೆರಾಕ್ಸ್ ನೋಟ್ಸ್ ಇನ್ನೂ ನಿರಾಶಾದಾಯಕ: ಬಾಗಿದ ಬಾಣವು ಎಲೆಕ್ಟ್ರಾನುಗಳಿರುವ ಉಂಗುರದಿಂದ ಎಲೆಕ್ಟ್ರೋಫೈಲಿನ ಕಡೆಗೆ ಹೋಗಬೇಕಾದಲ್ಲಿ ತಿರುವುಮುರುವಾಗಿದೆ, ಉಂಗುರಕ್ಕೆ ಸಲ್ಫೋನಿಕ್ ಆಮ್ಲದ ಗುಂಪನ್ನು ಸೇರಿಸುವ ಸಲ್ಫೋನೇಷನ್ ಹಿಮ್ಮುಖವಾಗಿಯೂ ನಡೆಯಬಲ್ಲದು ಎಂಬ ಮಾತೇ ಅದರಲ್ಲಿಲ್ಲ. ಸರ್ ಬೋರ್ಡಿನ ಮೇಲೆ ಬರೆದದ್ದು ಮಾತ್ರ ಸರಿಯಾಗಿತ್ತು. ಆದ್ದರಿಂದ ಸೇರುವವರು ನೋಟ್ಸನ್ನು ನಂಬದೆ ಬೋರ್ಡನ್ನೇ ನಕಲು ಮಾಡಿಕೊಳ್ಳಬೇಕು, ಮತ್ತು ನಮ್ಮೂರಿನ ಬಿಸಿಲು ಬಲ್ಲವರು ಬೇಸಿಗೆಯಲ್ಲಿ ತಗಡಿನ ಮಾಡಿನ ಆ ಕೋಣೆಯ ಮಧ್ಯಾಹ್ನದ ಬ್ಯಾಚನ್ನು ಬಿಟ್ಟು ಬೆಳಗಿನದನ್ನೇ ಕೇಳಿ ಪಡೆಯಬೇಕು.