ಓಟಿಪಿ ಕೊಡುವ ಮುನ್ನ ಜಾಬ್‌ಶೀಟ್ ಓದಿ: ಗೋವಾದ ಕನ್ನಡಿಗರಿಗೆ ಒಂದು ಎಚ್ಚರಿಕೆ

ವಾಸ್ಕೋದಲ್ಲಿ ನಾವಿರುವ ಮನೆಯಿಂದ ಬೈನಾ ಕಡಲ ದಂಡೆಗೆ ಹೆಚ್ಚು ದೂರವಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಟಿವಿಯ ಪರದೆಯ ಮೇಲೆ ಮೊದಲು ಒಂದು ಉದ್ದನೆಯ ಗೆರೆ ಕಾಣಿಸಿಕೊಂಡಿತು, ಆಮೇಲೆ ಅರ್ಧ ಪರದೆ ಕಪ್ಪಾಯಿತು, ಕೊನೆಗೆ ಟಿವಿ ಆನ್ ಆಗುವುದೇ ನಿಂತುಹೋಯಿತು. ವಾರಂಟಿ ಮುಗಿಯಲು ಇನ್ನೂ ಸಮಯವಿತ್ತು. ಆದರೂ ಕಂಪನಿ ಉಚಿತ ರಿಪೇರಿಗೆ ಒಪ್ಪಲಿಲ್ಲ. ಬದಲಾಯಿಸಬೇಕಾದ ಭಾಗಗಳಿಗೆ ಅವರು ಹೇಳಿದ ಬೆಲೆಗೆ ಇನ್ನಷ್ಟು ಹಣ ಸೇರಿಸಿದರೆ ಹೊಸ ಟಿವಿಯೇ ಬರುತ್ತಿತ್ತು. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಬೈನಾ, ಝುವಾರಿನಗರಗಳಲ್ಲಿ ದುಡಿದು ಬದುಕುತ್ತಿರುವ ನಮ್ಮ ಜನ ಅನೇಕರಿದ್ದಾರೆ. ಕಂತು ಕಟ್ಟಿ ತಂದ ವಸ್ತುವಿನ ವಾರಂಟಿ ಕಾರ್ಡು ಇಂಗ್ಲಿಷಿನಲ್ಲಿರುತ್ತದೆ, ರಿಪೇರಿಗೆ ಬಂದವರು ಹಿಂದಿಯಲ್ಲಿ ಮಾತನಾಡುತ್ತಾರೆ, ಸಹಿ ಹಾಕುವವರಿಗೆ ಎರಡೂ ಪೂರ್ತಿ ಅರ್ಥವಾಗಿರುವುದಿಲ್ಲ. ಅವರಿಗಾಗಿಯೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸರ್ವಿಸ್ ಸೆಂಟರಿನಿಂದ ಬಂದ ತಂತ್ರಜ್ಞ ಟಿವಿಯನ್ನು ಗೋಡೆಯಿಂದ ಇಳಿಸಿ, ಮಂಚದ ಮೇಲೆ ಬೋರಲು ಮಲಗಿಸಿ, ಹಿಂಬದಿಯ ಮುಚ್ಚಳ ಬಿಚ್ಚಿದರು. ಪರದೆಯ ಕೆಳ ಅಂಚಿಗೆ ಹೋಗುವ ಚಪ್ಪಟೆ ಕೇಬಲ್ ಬೋರ್ಡಿಗೆ ಸೇರುವ ಜಾಗದಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ಮುಚ್ಚಳದ ಸ್ಕ್ರೂಗಳ ತಲೆಗಳೂ ಕಂದು ಬಣ್ಣಕ್ಕೆ ತಿರುಗಿದ್ದವು. ಅವರು ಫೋಟೋ ತೆಗೆದುಕೊಂಡು, ಮೊಬೈಲಿನಲ್ಲಿ ಜಾಬ್‌ಶೀಟ್ (ರಿಪೇರಿಯ ವರದಿ) ತುಂಬಿ, ‘ನಿಮಗೆ ಬಂದಿರುವ ಓಟಿಪಿ ಹೇಳಿ’ ಎಂದು ಕೇಳಿದರು. ಓಟಿಪಿ ಏತಕ್ಕೆ ಎಂದು ಕೇಳಿದಾಗ, ಕಾಲ್ ಕ್ಲೋಸ್ ಮಾಡುವುದಕ್ಕೆ, ಅಂದರೆ ದೂರು ಮುಗಿಯಿತೆಂದು ದಾಖಲಿಸುವುದಕ್ಕೆ ಎಂದರು. ತುಂಬಿದ್ದನ್ನು ತೋರಿಸಿರೆಂದು ನಾನು ಪಟ್ಟು ಹಿಡಿದೆ. ಕಾರಣದ ಜಾಗದಲ್ಲಿ ‘ಒಳಗೆ ದ್ರವ ಸೇರಿದೆ’ ಎಂಬ ಅರ್ಥದ ಇಂಗ್ಲಿಷ್ ಪದಗಳಿದ್ದವು. ಅದರ ಕೆಳಗೆ ಗ್ರಾಹಕರಿಗೆ ವಿವರಿಸಲಾಗಿದೆ, ಗ್ರಾಹಕರು ಒಪ್ಪಿದ್ದಾರೆ ಎಂದಿತ್ತು. ಆಳೆತ್ತರದಲ್ಲಿ ಗೋಡೆಗೆ ತೂಗುಹಾಕಿದ್ದ ಟಿವಿಯ ಮೇಲೆ ಯಾರೂ ನೀರು ಚೆಲ್ಲಿರಲಿಲ್ಲ. ಇದು ಗಾಳಿಯ ತೇವದಿಂದ ಆದದ್ದೆಂದು ತಂತ್ರಜ್ಞರೂ ಬಾಯಿಮಾತಿನಲ್ಲಿ ಒಪ್ಪಿದರು. ಆದರೆ ಪಟ್ಟಿಯಲ್ಲಿರುವ ಕಾರಣಗಳಲ್ಲಿ ಒಂದನ್ನು ಆರಿಸಲೇಬೇಕು, ಬೇರೆ ಬರೆಯಲು ಅವಕಾಶವಿಲ್ಲ ಎಂದರು. ನಾನು ಓಟಿಪಿ ಕೊಡಲಿಲ್ಲ.

ವಾರಂಟಿ ಏನನ್ನು ಒಳಗೊಳ್ಳುವುದಿಲ್ಲ, ಏಕೆ ಒಳಗೊಳ್ಳುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ವಾರಂಟಿ ವಿಮೆಯಲ್ಲ. ಕಾರ್ಖಾನೆಯಲ್ಲಿ ಸಾಮಗ್ರಿಯಲ್ಲೋ ಜೋಡಣೆಯಲ್ಲೋ ಉಳಿದ ದೋಷಕ್ಕೆ ಮಾತ್ರ ಅದು ಹೊಣೆ ಹೊರುತ್ತದೆ. ಕೆಟ್ಟ ಬೆಸುಗೆ, ದುರ್ಬಲ ಕೆಪಾಸಿಟರ್ ಮುಂತಾದ ದೋಷಗಳು ಸಾಮಾನ್ಯವಾಗಿ ಬಳಕೆಯ ಮೊದಲ ಕಾಲದಲ್ಲೇ ಹೊರಬೀಳುವುದರಿಂದ, ಅವುಗಳ ಖರ್ಚನ್ನು ಕಂಪನಿ ಮುಂಚೆಯೇ ಅಂದಾಜು ಮಾಡಿ ಬೆಲೆಯಲ್ಲಿ ಸೇರಿಸಿರುತ್ತದೆ. ಮನೆಯಲ್ಲಿ ಮಗು ಫೋನನ್ನು ಬೀಳಿಸುವುದನ್ನು, 230 ವೋಲ್ಟಿನ ಲೈನಿನಲ್ಲಿ ವೋಲ್ಟೇಜ್ ಏಕಾಏಕಿ ಏರುವುದನ್ನು, ಸಿಡಿಲನ್ನು, ಬೋರ್ಡಿನೊಳಗೆ ಸೇರಿಕೊಳ್ಳುವ ಹಲ್ಲಿ, ಜಿರಳೆ, ಇರುವೆಗಳನ್ನು ಅದು ಅಂದಾಜು ಮಾಡಲಾರದು. ಆದ್ದರಿಂದ ಅವನ್ನೆಲ್ಲ ಹೊರಗಿಡುತ್ತದೆ. ಲಿಥಿಯಂ ಬ್ಯಾಟರಿ ಪ್ರತಿ ಚಾರ್ಜಿಗೂ ಸ್ವಲ್ಪ ಸ್ವಲ್ಪ ಸವೆಯುವುದೇ ಅದರ ಗುಣವಾದ್ದರಿಂದ ಆ ಸವಕಳಿಯನ್ನು ದೋಷವೆಂದು ಎಣಿಸುವುದಿಲ್ಲ. ಇವೆಲ್ಲ ನ್ಯಾಯವಾದ ಮಾತುಗಳೇ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಎಸಿಯ ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವ 10 ವರ್ಷ ಕಂಪ್ರೆಸರಿಗೆ ಮಾತ್ರ ಅನ್ವಯಿಸುತ್ತದೆ, ಗ್ಯಾಸಿಗೂ ಕಾಯಿಲ್ ಎಂಬ ಕೊಳವೆಯ ಸುರುಳಿಗೂ ಅಲ್ಲ ಎಂಬುದನ್ನು ಅಂಗಡಿಯವರು ಬಾಯಿಬಿಟ್ಟು ಹೇಳಬೇಕಿತ್ತು ಎಂದಷ್ಟೇ ಹೇಳುತ್ತೇನೆ. ಎಕ್ಸ್‌ಟೆಂಡೆಡ್ ವಾರಂಟಿ ಎಂದು ಮಾರುವುದೂ ಬಹುಪಾಲು ಇವೇ ಷರತ್ತುಗಳನ್ನು ಇನ್ನೊಂದೆರಡು ವರ್ಷ ಮುಂದಕ್ಕೆ ಎಳೆಯುತ್ತದೆಯೇ ಹೊರತು, ನೀರು ಬಿದ್ದರೆ, ಒಡೆದರೆ ಹಣ ಕೊಡುವ ಪ್ಲಾನ್ ಬೇರೆಯೇ ಇರುತ್ತದೆ.

ನನ್ನ ಆಕ್ಷೇಪವಿರುವುದು ತೇವದಿಂದಲೂ ತುಕ್ಕಿನಿಂದಲೂ ಆದ ಹಾನಿಗೆ ವಾರಂಟಿ ಇಲ್ಲವೆಂಬ ಷರತ್ತಿನ ಬಗ್ಗೆ. ಕಡಲ ಗಾಳಿ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ಅವು ಟಿವಿಯ ಗಾಳಿಕಿಂಡಿಗಳ ಮೂಲಕ ಬೋರ್ಡಿನ ಮೇಲೆ ಕೂರುತ್ತವೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನಾಗಿಯೇ ತೇವ ಹೀರಿ ನೀರಾಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಆಗುವುದೂ ಇದೇ. ಬೋರ್ಡಿನ ಮೇಲೆ ಹೀಗೆ ಕಟ್ಟಿದ ಉಪ್ಪುನೀರಿನ ಪದರದ ಮೂಲಕ ವಿದ್ಯುತ್ತು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ನಾವು ಕಂಡ ಹಸಿರು ಪುಡಿ ಅದರದೇ. ಇದನ್ನು ತಡೆಯುವ ವಿದ್ಯೆ ಹೊಸದೇನಲ್ಲ. ವಾಹನಗಳ ಎಲೆಕ್ಟ್ರಾನಿಕ್ಸಿನಲ್ಲಿಯೂ ಅನೇಕ ಎಸಿಗಳ ಹೊರಘಟಕದ ಬೋರ್ಡುಗಳಲ್ಲಿಯೂ ತೆಳುವಾದ ರಕ್ಷಣಾ ಲೇಪನವನ್ನು ಹಚ್ಚಿರುತ್ತಾರೆ. ವಾಸ್ಕೋ, ಕಾರವಾರ, ಮಂಗಳೂರಿನ ಅಂಗಡಿಗಳಲ್ಲಿ ಸಾಲಾಗಿ ಟಿವಿ ಇಟ್ಟು ಮಾರುವ ಕಂಪನಿಗೆ ಈ ಊರುಗಳು ಕಡಲ ದಂಡೆಯಲ್ಲಿವೆ ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ಮಾರುವಾಗ ಒಂದು ಮಾತೂ ಹೇಳದೆ, ಕೆಟ್ಟಾಗ ಊರಿನ ಗಾಳಿಯನ್ನೇ ಗ್ರಾಹಕರ ತಪ್ಪಾಗಿ ಬರೆದುಕೊಳ್ಳುವುದು ಅನ್ಯಾಯ.

ಇಂಥ ನಡವಳಿಕೆಯನ್ನು ಪ್ರಶ್ನಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಫೋನುಗಳ ಉದಾಹರಣೆಯೇ ಇದೆ. ಫೋನಿನ ಮೇಲೆ ನಮೂದಿಸುವ ಐಪಿ67 ಎಂಬ ಗುರುತು ಎಂದರೆ ಪ್ರಯೋಗಾಲಯದ ಸಿಹಿನೀರಿನಲ್ಲಿ 1 ಮೀಟರ್ ಆಳದಲ್ಲಿ 30 ನಿಮಿಷ ತಾಳಿಕೊಳ್ಳುವ ಗುಣವೇ ಹೊರತು, ಸಮುದ್ರದಲ್ಲಿ ಮುಳುಗಿಸಬಹುದೆಂಬ ಭರವಸೆಯಲ್ಲ. ನೀರನ್ನು ತಾಳುವ ಫೋನೆಂದು ಪ್ರಚಾರ ಮಾಡಿ, ದ್ರವದಿಂದಾದ ಹಾನಿಗೆ ವಾರಂಟಿ ಇಲ್ಲ ಎಂದದ್ದಕ್ಕೆ ಇಟಲಿಯ ಸ್ಪರ್ಧಾ ಪ್ರಾಧಿಕಾರವು 2020ರಲ್ಲಿ ಆ್ಯಪಲ್ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿತು. ಈಜುಕೊಳದಲ್ಲಿಯೂ ಸಮುದ್ರದಲ್ಲಿಯೂ ಬಳಸಬಹುದೆಂಬ ಭಾವನೆ ಹುಟ್ಟಿಸಿದ ಗ್ಯಾಲಕ್ಸಿ ಫೋನುಗಳ ಜಾಹೀರಾತಿಗಾಗಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2022ರಲ್ಲಿ ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ವಿನ್ಯಾಸದ ದೋಷಕ್ಕೂ, ಸಾಕಷ್ಟು ಎಚ್ಚರಿಕೆ ಕೊಡದೆ ಮಾರಿದ್ದಕ್ಕೂ ಅದು ತಯಾರಕರನ್ನು ಹೊಣೆ ಮಾಡುತ್ತದೆ. ವಸ್ತುವನ್ನು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಕೊಂಡು ತಂದಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು; ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ; ಕಾರಣ ಹುಟ್ಟಿದ 2 ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಆದರೆ ಇವೆಲ್ಲವೂ ನಿಲ್ಲುವುದು ಜಾಬ್‌ಶೀಟಿನ ಮೇಲೆ. ಅದರಲ್ಲಿ ‘ಗ್ರಾಹಕರು ಒಪ್ಪಿದ್ದಾರೆ’ ಎಂದಿದ್ದು ನೀವು ಓಟಿಪಿ ಕೊಟ್ಟಿದ್ದರೆ, ಮುಂದೆ ಪ್ರತಿ ಹಂತದಲ್ಲಿಯೂ ಕಂಪನಿ ಅದನ್ನೇ ಮುಂದೆ ಚಾಚುತ್ತದೆ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಪಕ್ಕದ ಮನೆಯ ಹುಡುಗಿಯನ್ನಾದರೂ ಕರೆದು ಓದಿಸಿ. ಮುಚ್ಚಳ ಬಿಚ್ಚುವಾಗ ನೀವೂ ಫೋಟೋ ತೆಗೆಯಿರಿ. ಬರೆದ ಕಾರಣ ಸುಳ್ಳಾಗಿದ್ದರೆ ಅದನ್ನು ಒಪ್ಪುವುದಿಲ್ಲವೆಂದು ಅಂದೇ ಕಂಪನಿಗೆ ಇಮೇಲ್ ಕಳಿಸಿ. ಸಿಟ್ಟಿನಲ್ಲಿ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಬಿಚ್ಚಿಸಿದರೆ ಅದೇ ಅವರಿಗೆ ಇನ್ನೊಂದು ನೆಪವಾಗುತ್ತದೆ.

ಸಹಾಯವಾಣಿಯ ಮೂಲಕ ನಮಗೆ ಬಂದ ಉತ್ತರದಲ್ಲಿ ಕಂಪನಿ ಅದೇ ಷರತ್ತನ್ನು ಮತ್ತೆ ನಕಲು ಮಾಡಿ ಕಳಿಸಿತ್ತು. ಆದ್ದರಿಂದ ದೂರನ್ನು ಮಡಗಾಂವಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಯ್ದಿದ್ದೇವೆ. ಬೋರ್ಡನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅಲ್ಲಿ ಬಿದ್ದದ್ದು ಚೆಲ್ಲಿದ ನೀರೋ ಕಡಲಿನ ಉಪ್ಪೋ ಎಂಬುದನ್ನು ಪರೀಕ್ಷೆ ಮಾಡಿಸಬೇಕೆಂದು ಕೋರಿದ್ದೇವೆ. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ, ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ. ಅಲ್ಲಿಯವರೆಗೆ ಟಿವಿಯನ್ನು ಬಿಚ್ಚದೆ, ಬಿಲ್ಲು ಮತ್ತು ಫೋಟೋಗಳ ಸಮೇತ ಹಾಗೆಯೇ ಇಟ್ಟಿದ್ದೇವೆ.