ಫ್ಯೂಸ್ ಜಾಗದಲ್ಲಿ ತಂತಿ ಇದ್ದರೆ ಆ ಬೈಕ್ ಹತ್ತಬೇಡಿ

ಹಳೇ ಬೈಕ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನನ್ನ ಬೈಕಿನ ಪೆಟ್ರೋಲ್ ಟ್ಯಾಂಕಿನ ಅಡಿಯಿಂದ ಹೊಗೆ ಬಂತು. ನಾನು ಬೈಕ್ ಮೇಲೇ ಇದ್ದೆ, ಟ್ಯಾಂಕ್ ಮುಕ್ಕಾಲು ತುಂಬಿತ್ತು. ಇಷ್ಟಕ್ಕೆಲ್ಲ ಕಾರಣ ಫ್ಯೂಸಿಗೆ ಸುತ್ತಿದ್ದ ಬೆರಳುದ್ದದ ತಾಮ್ರದ ತಂತಿ.

ನನ್ನದು ಇಪ್ಪತ್ತು ವರ್ಷ ದಾಟಿದ ಕಾರ್ಬೊರೇಟರ್ ಬೈಕು. ಬ್ಯಾಟರಿಯಿಂದಲೇ ಸಿಡಿಐಗೆ (ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಪುಟ್ಟ ಪೆಟ್ಟಿಗೆಗೆ) ಕರೆಂಟ್ ಹೋಗುವ ಮಾದರಿ, ಹಾಗಾಗಿ ಫ್ಯೂಸ್ ಹೋದರೆ ಎಂಜಿನ್ ಕೂಡ ನಿಲ್ಲುತ್ತದೆ. ತೊಂದರೆ ಶುರುವಾದದ್ದು ಬಹಳ ಸಣ್ಣದಾಗಿ. ನಿಧಾನಕ್ಕೆ ಹೋಗುತ್ತಾ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಎಂಜಿನ್ ಒಂದು ಕ್ಷಣ ಸತ್ತಂತಾಗಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ನೇರ ರಸ್ತೆಯಲ್ಲಿ ಏನೂ ಇಲ್ಲ.

ಗ್ಯಾರೇಜಿನಲ್ಲಿ ನಾನು ಹೇಳಿದ್ದು "ಮಧ್ಯೆ ಮಧ್ಯೆ ಆಫ್ ಆಗುತ್ತೆ" ಅಂತ ಮಾತ್ರ. ಹ್ಯಾಂಡಲ್ ವಿಷಯ ಹೇಳಲೇ ಇಲ್ಲ, ಅದು ಮುಖ್ಯ ಅನ್ನುವುದು ಆಗ ನನಗೆ ಹೊಳೆದಿರಲಿಲ್ಲ. "ಹಳೇ ಗಾಡಿ ಸಾರ್, ಕಾರ್ಬೊರೇಟರಲ್ಲಿ ಕಸ ಕೂತಿರುತ್ತೆ" ಎಂದು ಬಿಚ್ಚಿ ತೊಳೆದರು. ಸರಿಹೋಗಲಿಲ್ಲ. ಪ್ಲಗ್ ಬದಲಾಯಿತು, ಬ್ಯಾಟರಿಯೂ ಬದಲಾಯಿತು. ಆಮೇಲೆ ಪೆಟ್ರೋಲ್ ಸಾಲುತ್ತಿಲ್ಲವೆಂದು ದೊಡ್ಡ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ) ಹಾಕಿ, ಗಾಳಿ ಹೊಂದಿಸುವ ಏರ್ ಸ್ಕ್ರೂ ತಿರುಗಿಸಿದರು. ಆಗ ಹಳೇ ತೊಂದರೆಯ ಜೊತೆಗೆ ಹೊಸದೊಂದು ಸೇರಿತು: ಪೆಟ್ರೋಲ್ ಅತಿಯಾಗಿ ಎಳೆತ ಕಡಿಮೆಯಾಯಿತು, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಬರತೊಡಗಿತು, ಹೊಸ ಪ್ಲಗ್ ವಾರದೊಳಗೆ ಮಸಿ ಹಿಡಿದು ಕಪ್ಪಾಯಿತು.

ಪೆಟ್ರೋಲ್ ಸಾಲದೆ ಎಂಜಿನ್ ನಿಲ್ಲುವುದಕ್ಕೂ ಕರೆಂಟ್ ಹೋಗಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಮೊದಲು ಎಳೆತ ಕಳೆದುಕೊಳ್ಳುತ್ತದೆ, ಕೆಮ್ಮುತ್ತದೆ, ಜರ್ಕ್ ಹೊಡೆಯುತ್ತಾ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಚೋಕ್ ಎಳೆದರೆ ಒಂದೆರಡು ಕ್ಷಣ ಚೇತರಿಸಿಕೊಳ್ಳುವುದೂ ಉಂಟು. ಕರೆಂಟ್ ಕಡಿದಾಗ ಹಾಗಲ್ಲ, ಯಾರೋ ಕೀ ತಿರುಗಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಇಟ್ಟು ಹ್ಯಾಂಡಲ್ಲನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಕೊನೆತನಕ ತಿರುಗಿಸಿ ನೋಡಿ. ಎಂಜಿನ್ ತೊದಲುವಾಗಲೇ ನ್ಯೂಟ್ರಲ್ ಲೈಟೂ ಮಿಣುಕಿದರೆ ಕಾರ್ಬೊರೇಟರ್ ಮುಟ್ಟಲು ಬಿಡಲೇಬೇಡಿ, ತೊಂದರೆ ವೈರಿಂಗಿನಲ್ಲಿದೆ. ಎರಡು ನಿಮಿಷದ ಈ ಪರೀಕ್ಷೆಯನ್ನು ನಾನೂ ಮಾಡಲಿಲ್ಲ, ಅವರೂ ಮಾಡಲಿಲ್ಲ.

ಕೊನೆಗೆ ಒಂದು ದಿನ ಫ್ಯೂಸ್ ಹೋಯಿತು. ಹೊಸದು ಹಾಕಿದರೆ ಎರಡೇ ದಿನಕ್ಕೆ ಅದೂ ಹೋಯಿತು. ಆಗ ಮೆಕ್ಯಾನಿಕ್ ಒಂದು ತುಂಡು ತಾಮ್ರದ ತಂತಿ ತೆಗೆದು, ಸುಟ್ಟ ಫ್ಯೂಸಿನ ಎರಡೂ ತುದಿಗೆ ಸುತ್ತಿ ವಾಪಸ್ ಸಿಕ್ಕಿಸಿದರು. "ಇನ್ನು ಹೋಗಲ್ಲ ಬಿಡಿ" ಎಂದರು. ನಾನು ತಡೆಯಲಿಲ್ಲ. ತಡೆಯಬೇಕಿತ್ತು.

ನನ್ನ ಬೈಕಿನ ಫ್ಯೂಸ್ 10 ಆಂಪಿಯರಿನದು. ಅದು ಇರುವುದು ವೈರನ್ನು ಕಾಪಾಡಲು. ವೈರ್ ಬಿಸಿಯಾಗುವ ಮೊದಲೇ ತಾನು ಕರಗಿಹೋಗಲಿ ಎಂದೇ ಅದನ್ನು ಅಷ್ಟು ತೆಳ್ಳಗೆ ಮಾಡಿರುತ್ತಾರೆ. ಆ ಜಾಗಕ್ಕೆ ತಂತಿ ಬಂದರೆ ಮುಂದೆ ಕರಗುವುದು ವೈರಿಂಗೇ. ಬೈಕಿನ ಬ್ಯಾಟರಿ ಚಿಕ್ಕದಾದರೇನು, ಶಾರ್ಟ್ ಆದಾಗ ಅದರಿಂದ ಹತ್ತಾರು ಆಂಪಿಯರ್ ಹರಿಯುತ್ತದೆ. ಎಲ್ಲ ವೈರುಗಳನ್ನೂ ಒಂದೇ ಟೇಪಿನಲ್ಲಿ ಸುತ್ತಿರುವುದರಿಂದ ಒಂದು ಕಾದರೆ ಪಕ್ಕದ್ದರ ಪ್ಲಾಸ್ಟಿಕ್ಕೂ ಕರಗುತ್ತದೆ. ಅದೂ ಎಲ್ಲಿ? ಟ್ಯಾಂಕಿನ ಕೆಳಗೆ.

ಆ ಸಂಜೆ ಹೊಗೆ ಕಂಡೊಡನೆ ಕೀ ಆಫ್ ಮಾಡಿ ಇಳಿದೆ. ಹೊಗೆ ನಿಲ್ಲಲಿಲ್ಲ. ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಹೋಗುವ ವೈರಿನಲ್ಲಿ ಕೀ ತೆಗೆದರೂ ಕರೆಂಟ್ ಇದ್ದೇ ಇರುತ್ತದೆ, ಶಾರ್ಟ್ ಆಗಿದ್ದುದು ಅದೇ ವೈರು. ಸೈಡ್ ಕವರ್ ಕಿತ್ತು, ಕೈಗೆ ಕರವಸ್ತ್ರ ಸುತ್ತಿಕೊಂಡು ಆ ತಂತಿ ಸುತ್ತಿದ ಫ್ಯೂಸನ್ನು ಎಳೆದು ಬಿಸಾಡಿದೆ. ಬಟ್ಟೆಯನ್ನೂ ದಾಟಿ ಬೆರಳಿಗೆ ಚುರುಕ್ ಎಂದಿತು. ಮುಖ್ಯ ಫ್ಯೂಸ್ ಎಲ್ಲಿದೆ ಎಂದು ನನಗೆ ಮೊದಲೇ ಗೊತ್ತಿದ್ದುದರಿಂದ ಬೈಕ್ ಉಳಿಯಿತು. ನಿಮ್ಮ ಬೈಕಿನಲ್ಲಿ ಅದು ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ.

ಮರುದಿನ ಬಯಲಿನಲ್ಲಿ ಟ್ಯಾಂಕ್ ಇಳಿಸಿ ದೂರ ಇಟ್ಟು, ನಾನೇ ಹುಡುಕಲು ಕೂತೆ. ಫ್ಯೂಸಿನ ಜಾಗಕ್ಕೆ ಎರಡು ವೈರ್ ಕೊಟ್ಟು ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬ್ ಸಿಕ್ಕಿಸಿದೆ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ಆದರೆ ಬಲ್ಬ್ ದಾಟಿ ಎರಡು ಆಂಪಿಯರಿಗಿಂತ ಕಡಿಮೆಯೇ ಹರಿಯುವುದರಿಂದ ವೈರ್ ಕಾಯುವುದಿಲ್ಲ, ಒಂದರ ಹಿಂದೊಂದು ಫ್ಯೂಸ್ ಸುಡಬೇಕಾಗಿಯೂ ಇಲ್ಲ. ಕೀ ಆಫ್‌ನಲ್ಲಿಟ್ಟು ಹ್ಯಾಂಡಲ್ ತಿರುಗಿಸಿದೆ. ಬಲಕ್ಕೆ ಏನೂ ಇಲ್ಲ. ಎಡಕ್ಕೆ ಕೊನೆತನಕ ತಂದಾಗ ಬಲ್ಬ್ ಝಗ್ಗನೆ ಹೊತ್ತಿತು. ವಾಪಸ್ ತಂದರೆ ಆರಿತು.

ಟೇಪ್ ಅಂಟು ಅಂಟಾಗಿ ಬಿಚ್ಚಿಕೊಂಡಿತು. ವೈರುಗಳೆಲ್ಲ ಒಂದೇ ಮುದ್ದೆಯಾಗಿ ಕರಗಿ ಕೂತಿದ್ದವು. ಹ್ಯಾಂಡಲಿನ ಬುಡದಲ್ಲಿ, ವೈರಿಂಗ್ ಬಾಗುವ ಕಡೆ, ಕೆಂಪು ವೈರು ಚಾಸಿಯ ವೆಲ್ಡಿಂಗ್ ಅಂಚಿಗೆ ಉಜ್ಜಿ ಉಜ್ಜಿ ಬೆತ್ತಲಾಗಿತ್ತು. ಒಳಗಿನ ಎಳೆಗಳಲ್ಲಿ ಉಳಿದಿದ್ದುದು ಮೂರೋ ನಾಲ್ಕೋ, ಅವೂ ಹಸಿರುಗಟ್ಟಿದ್ದವು. ಎದುರಿಗೆ ಚಾಸಿಯ ಮೇಲೆ ಬಣ್ಣ ಹೋಗಿ ಹೊಳೆಯುವ ಒಂದು ಚುಕ್ಕೆ, ಅದರಲ್ಲಿ ಕಿಡಿ ಹಾರಿದ ಸಣ್ಣ ಸಣ್ಣ ಗುಳಿಗಳು. ಮೊದಲು ಎಳೆ ಕಡಿದು ಎಂಜಿನ್ ತೊದಲಿತ್ತು, ಆಮೇಲೆ ಅದೇ ಜಾಗ ಚಾಸಿಗೆ ತಾಗಿ ಫ್ಯೂಸ್ ಸುಟ್ಟಿತ್ತು.

ಕರಗಿದ ವೈರುಗಳನ್ನೆಲ್ಲ ತೆಗೆದು ಅಷ್ಟೇ ದಪ್ಪದ ಹೊಸ ವೈರ್ ಹಾಕಿಸಿದೆ. ಬೆಸುಗೆ ಬಾಗುವ ಜಾಗದಲ್ಲಿ ಬರಬಾರದು, ಹ್ಯಾಂಡಲ್ ಪೂರ್ತಿ ತಿರುಗಿದರೂ ಎಳೆಯದಷ್ಟು ಸಡಿಲ ಬಿಡಬೇಕು. ಎಂಜಿನ್ ಸರಿಮಾಡಲು ಮಾತ್ರ ಇನ್ನೂ ಹದಿನೈದು ದಿನ ಹಿಡಿಯಿತು. ಮ್ಯಾನುಯಲ್ಲಿನ ಅಳತೆಯ ಜೆಟ್ ವಾಪಸ್ ಹಾಕಿಸಿ, ಏರ್ ಸ್ಕ್ರೂ ಮೊದಲಿನಂತೆ ಹೊಂದಿಸಿದ ಮೇಲೆ ಪ್ಲಗ್ಗಿನ ತುದಿ ಮಸಿ ಬಿಟ್ಟು ತಿಳಿ ಕಂದು ಬಣ್ಣಕ್ಕೆ ತಿರುಗಿತು.

ಇನ್ನೊಂದು ವಿಷಯ. ಈ ಓಡಾಟದ ನಡುವೆ ಇನ್ನೊಂದು ಗ್ಯಾರೇಜಿನಲ್ಲಿ ಚಾರ್ಜಿಂಗ್ ನೋಡುತ್ತೇವೆಂದು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತರು. ಆಕ್ಸಿಲರೇಟರ್ ಕೊಟ್ಟೊಡನೆ ಹೆಡ್‌ಲೈಟ್ ಬೆಳ್ಳಗೆ ಹೊಳೆದು ಬಲ್ಬ್ ಹೋಯಿತು. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಏರಿ ಸಿಡಿಐ ಕೂಡ ಸುಡಬಹುದು, ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಒಂದು ಮಲ್ಟಿಮೀಟರ್ ಸಾಕು: ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟಿನ ಆಸುಪಾಸು ಇರಬೇಕು, ಎಂಜಿನ್ ರೇಸ್ ಮಾಡಿದಾಗ ಸುಮಾರು 13.8ರಿಂದ 14.5. ರೇಸ್ ಮಾಡಿದರೂ ಏರದಿದ್ದರೆ, ಇಲ್ಲವೇ 15 ದಾಟಿದರೆ ಚಾರ್ಜಿಂಗ್ ಕಡೆ ನೋಡಿಸಿ.

ಇವತ್ತೇ ಫ್ಯೂಸ್ ಡಬ್ಬಿ ತೆರೆದು ನೋಡಿ. ಹಳೇ ಬೈಕ್ ಕೊಂಡವರಂತೂ ಮೊದಲು ನೋಡಬೇಕಾದ್ದೇ ಅದು. ಅಲ್ಲಿ ತಂತಿ, ಬೆಳ್ಳಿ ಕಾಗದ, ಮೊಳೆ ಏನೇ ಕಂಡರೂ ಆಗಲೇ ತೆಗೆದುಬಿಡಿ. ಹೊಸ ಫ್ಯೂಸ್ ಮತ್ತೆ ಹೋದರೆ ಆ ಬಲ್ಬ್ ಸಿಕ್ಕಿಸಿ, ಹ್ಯಾಂಡಲಿನ ಬುಡದಿಂದ ಹುಡುಕಲು ಶುರು ಮಾಡಿ.